ಕಾಪು ಕಡಲ ಮರಳಲ್ಲಿ ಹೂತ ಅಂಬಾಸಿಡರ್!

ಸಂಜೆಯ ಕೆಂಪು ಸೂರ್ಯ. ಅಲೆಗಳ ಅಂಚಿನಲ್ಲೇ ನೀರು ಚಿಮ್ಮಿಸುತ್ತಾ ನುಗ್ಗಿ ಬರುವ ಕಾರು. ಸ್ಟೀರಿಂಗ್ ಮೇಲೆ ಒಂದೇ ಒಂದು ಕೈ ಇಟ್ಟ ಹೀರೋ. ಪಕ್ಕದಲ್ಲಿ ಸೆರಗು ಹಾರಿಸುತ್ತಾ ಕೂತ ಹೀರೋಯಿನ್. ಹಿನ್ನೆಲೆಯಲ್ಲಿ ಪಿಟೀಲುಗಳ ಸುರಿಮಳೆ!

ನೋಡಿದ್ದೀರಿ ತಾನೆ? ನಾನೂ ನೋಡಿದ್ದೇನೆ. ಗಾಂಧಿ ಕ್ಲಾಸಿನಲ್ಲಿ ಕೂತು, ಎರಡು ಬೆರಳು ಬಾಯಿಗಿಟ್ಟು ಸೀಟಿಯನ್ನೂ ಹೊಡೆದಿದ್ದೇನೆ. 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999' - 1968ರ ಆ ಎರಡು ಚಿತ್ರಗಳನ್ನು ನಮ್ಮೂರ ಟೆಂಟಿನಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕ ಇಟ್ಟಿಲ್ಲ. 1980ರಲ್ಲಿ ಶಂಕರ್‌ನಾಗ್ ಅವರ 'ಮಿಂಚಿನ ಓಟ' ಬಂತು. ಕಾರು ಕಳ್ಳರ ಕಥೆ. ಸೆಕೆಂಡ್ ಷೋ ಬಿಟ್ಟ ಮೇಲೆ ಬೀದಿಯಲ್ಲಿ ನಿಂತಿದ್ದ ಕಾರುಗಳನ್ನೆಲ್ಲ ಒಂದು ಥರಾ ನೋಡಿಕೊಂಡೇ ಮನೆಗೆ ನಡೆದವನು ನಾನು! ಅಷ್ಟೂ ವರ್ಷ ಒಂದು ಪ್ರಶ್ನೆ ಮಾತ್ರ ತಲೆಗೆ ಹೊಳೆದಿರಲಿಲ್ಲ. ಮರಳಿನ ಮೇಲೆ ಕಾರು ಅಷ್ಟು ಸಲೀಸಾಗಿ ಓಡುತ್ತಾ?

ಉತ್ತರ 1984ರ ಜನವರಿಯಲ್ಲಿ ಸಿಕ್ಕಿತು. ಸಿಕ್ಕ ರೀತಿ ಇದೆಯಲ್ಲ, ಅದನ್ನು ಇಷ್ಟು ವರ್ಷ ಎಲ್ಲೂ ಬರೆದಿರಲಿಲ್ಲ. ಯಾಕೆ ಬರೆದಿರಲಿಲ್ಲ ಅನ್ನೋದು ಓದುತ್ತಾ ನಿಮಗೇ ಗೊತ್ತಾಗುತ್ತೆ.

ಔಟ್‌ಡೋರ್ ಅಂದರೆ ಹಬ್ಬ!

ನನಗಾಗ 24 ವರ್ಷ. ಸಿನಿಮಾ ಪತ್ರಿಕೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕರಾವಳಿಯಲ್ಲಿ ಒಂದು ಚಿತ್ರದ ಹೊರಾಂಗಣ ಚಿತ್ರೀಕರಣ, ಬಂದು ನೋಡಿ ಬರೆಯಿರಿ ಅಂತ ನಿರ್ಮಾಪಕರಿಂದ ಆಹ್ವಾನ. ಬಸ್ ಚಾರ್ಜು ಅವರದೇ, ಉಡುಪಿಯ ಲಾಡ್ಜಿನಲ್ಲಿ ರೂಮು ಅವರದೇ, ಊಟ-ತಿಂಡಿಯೂ ಅವರದೇ. ಚಿತ್ರದ ಹೆಸರು ಬೇಡ. ಅದರಲ್ಲಿ ದುಡಿದವರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ.

ಲೊಕೇಷನ್ ಕಾಪು. ಉಡುಪಿಯಿಂದ ಮಂಗಳೂರು ರಸ್ತೆಯಲ್ಲಿ 12-13 ಕಿಲೋಮೀಟರ್ ಬಂದು ಬಲಕ್ಕೆ ತಿರುಗಿದರೆ ಕಡಲು. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ. ಅದರ ಎರಡೂ ಕಡೆ ಮರಳು, ಮರಳಿನ ಹಿಂದೆ ತೆಂಗಿನ ತೋಟ, ತೋಟದ ನೆರಳಲ್ಲಿ ಮೊಗವೀರರ ಮನೆಗಳು. ಕ್ಯಾಮರಾ ಎಲ್ಲಿಟ್ಟರೂ ಫ್ರೇಮು ತಯಾರ್!

ಅವತ್ತು ಮಧ್ಯಾಹ್ನದ ಮೇಲೆ ತೆಗೆದದ್ದು ಇದೇ ಕಾರಿನ ದೃಶ್ಯ. ಬಾಡಿಗೆಗೆ ತಂದಿದ್ದ, ತಲೆ ಬಿಚ್ಚುವ ಬಿಳಿ ಸ್ಟ್ಯಾಂಡರ್ಡ್ ಹೆರಾಲ್ಡ್. ಅದನ್ನು ತೋಟದಿಂದ ನೀರಂಚಿನವರೆಗೆ ಇಳಿಸಲು ಯೂನಿಟ್ ಹುಡುಗರು ಹಲಗೆಯ ದಾರಿಯನ್ನೇ ಹಾಸಿದ್ದರು. ಕಾರು ಮುಂದೆ ಹೋದಂತೆ ಹಿಂದಿನ ಹಲಗೆ ಎತ್ತಿ, ತಲೆ ಮೇಲೆ ಹೊತ್ತು, ಓಡಿ ಬಂದು ಮುಂದೆ ಹಾಸೋದು. ನೀರಂಚು ತಲುಪಿದ ಮೇಲೆ ಕಾರು ಓಡಿದ್ದು ಬರೀ 100 ಗಜ. ಅದೂ 40 ಕಿಲೋಮೀಟರ್ ಸ್ಪೀಡಿನಲ್ಲಿ. ಕ್ಯಾಮರಾಮನ್ ಸೆಕೆಂಡಿಗೆ 24 ಫ್ರೇಮು ಓಡಿಸೋ ಕಡೆ 16 ಓಡಿಸಿದರು. ಅದನ್ನೇ ಥಿಯೇಟರಿನಲ್ಲಿ 24ರಲ್ಲಿ ಬಿಟ್ಟಾಗ 40ರ ಕಾರು 60ರಲ್ಲಿ ಹಾರುತ್ತೆ. ನಾವು ಸೀಟಿ ಹೊಡೀತೀವಿ.

ಇದೆಲ್ಲ ನನ್ನ ಕಣ್ಣೆದುರೇ ನಡೆಯಿತು. ಆದರೂ ನನ್ನ ತಲೆಯಲ್ಲಿ ಉಳಿದದ್ದು ಕಾರು ಓಡಿದ್ದು ಮಾತ್ರ. ಹಲಗೆ ಹೊತ್ತವರು ಉಳಿಯಲಿಲ್ಲ.

ಒಂದು ರೌಂಡು, ಅಷ್ಟೇ!

ಆರಕ್ಕೆ ಹತ್ತು ನಿಮಿಷ ಇದ್ದಾಗ ಪ್ಯಾಕಪ್. ನಾವು ನಾಲ್ಕು ಜನ ಉಳಿದೆವು - ನಾನು, ನಮ್ಮ ಪತ್ರಿಕೆಯ ಫೋಟೋಗ್ರಾಫರ್, ಒಬ್ಬ ಅಸಿಸ್ಟೆಂಟ್ ಡೈರೆಕ್ಟರ್ ಮತ್ತು ಅಂಬಾಸಿಡರ್ ಕಾರಿನ ಡ್ರೈವರ್. ಕಾರು ಮಂಗಳೂರಿನ ಒಬ್ಬ ಮಾಲೀಕರದು, ಚಿತ್ರೀಕರಣ ಮುಗಿಯೋವರೆಗೆ ಬಾಡಿಗೆಗೆ ಬಂದಿತ್ತು. ಡ್ರೈವರಿಗೆ ಐವತ್ತರ ಆಸುಪಾಸು. ಖಾಕಿ ಅಂಗಿ, ಹೆಗಲ ಮೇಲೆ ಬೈರಾಸು, ಬಾಯ್ತುಂಬ ಎಲೆಯಡಿಕೆ. ನಾವೆಲ್ಲ 'ಡ್ರೈವರಣ್ಣ' ಅಂತಿದ್ದೆವು. ಬಂದ ದಿನವೇ ನನ್ನನ್ನು ಮೂಲೆಗೆ ಕರೆದು ಒಂದು ಮಾತು ಕೇಳಿದ್ದರು.

"ಸಾರ್, ನನ್ನ ಮಗಳು ಏಳನೇ ಕ್ಲಾಸು. ಅವಳಿಗೆ ಹೀರೋ ಅವರ ಒಂದು ಫೋಟೋ, ಸಹಿ ಹಾಕಿದ್ದು... ನಿಮ್ಮಿಂದ ಆಗ್ತದಾ?"

"ಅಯ್ಯೋ ಅದೇನು ಮಹಾ, ಡ್ರೈವರಣ್ಣ!" ಅಂದಿದ್ದೆ. ಅಂದು ಮರೆತಿದ್ದೆ.

ಪ್ರೊಡಕ್ಷನ್ ಮ್ಯಾನೇಜರ್ ಹೇಳಿ ಹೋಗಿದ್ದು ಎರಡೇ ಮಾತು. ಕಾರು ಲೊಕೇಷನ್ ಬಿಟ್ಟು ನೆಟ್ಟಗೆ ಲಾಡ್ಜಿಗೆ ಬರಬೇಕು. ಬೆಳಿಗ್ಗೆ ಷೂಟ್ ಆದ ಫಿಲ್ಮ್ ಡಬ್ಬಗಳನ್ನು ಮಂಗಳೂರಿಗೆ ಒಯ್ದು ಮದರಾಸಿನ ರೈಲಿಗೆ ಹಾಕಬೇಕು. ಆಗ ನಮ್ಮ ಕಲರ್ ಚಿತ್ರಗಳ ಸಂಸ್ಕರಣೆಯೆಲ್ಲ ಮದರಾಸಿನ ಲ್ಯಾಬುಗಳಲ್ಲೇ. ಡಬ್ಬ ತಡವಾದರೆ ರಷಸ್ ತಡ, ರಷಸ್ ತಡವಾದರೆ ಡೈರೆಕ್ಟರ ರಕ್ತದೊತ್ತಡ ಮೇಲೆ!

ಆದರೆ ಎದುರಿಗೆ ಸಮುದ್ರ. ನೀರು ದೂರಕ್ಕೆ ಸರಿದು, ಒದ್ದೆ ಮರಳು ಸಿಮೆಂಟ್ ನೆಲದ ಹಾಗೆ ಹೊಳೀತಿತ್ತು.

"ಗುರುವೇ, ಈಗ ಆ ಹೆರಾಲ್ಡ್ ಓಡಿದ್ದು ಅಲ್ಲೇ ತಾನೆ? ನಾವೂ ಒಂದು ರೌಂಡು ಹೊಡೆದು ಬಿಡೋಣ. ನೀನು ಸ್ಟೀರಿಂಗ್ ಹಿಡಿ, ನಾನು ಒಂದು ಕ್ಲೋಸಪ್ ತೆಗೀತೀನಿ," ಅಂದ ಫೋಟೋಗ್ರಾಫರ್.

ಅಸಿಸ್ಟೆಂಟ್ ಡೈರೆಕ್ಟರ್ ಫಿಲ್ಮ್ ಸೊಸೈಟಿಯ ಪೈಕಿ. 1966ರ ಫ್ರೆಂಚ್ ಚಿತ್ರ 'ಎ ಮ್ಯಾನ್ ಅಂಡ್ ಎ ವುಮನ್' ಶುರು ಮಾಡಿದ. ಅದರಲ್ಲಿ ಹೀರೋ ತನ್ನ ಮಸ್ಟಾಂಗ್ ಕಾರನ್ನು ಕಡಲ ದಂಡೆಯ ಮೇಲೆ ಹೇಗೆ ಓಡಿಸುತ್ತಾನೆ ಅಂತ ಕೈ ತಿರುಗಿಸಿ ತೋರಿಸಿದ. ಅವನು ಹೇಳದೆ ಬಿಟ್ಟ ಸಂಗತಿಯನ್ನು ನಾನು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಆ ಫ್ರೆಂಚ್ ಕಡಲಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ಹಲವು ಮೀಟರು. ಇಳಿದಾಗ ಗಟ್ಟಿ ಮರಳಿನ ಮೈದಾನವೇ ಬಿದ್ದುಕೊಂಡಿರುತ್ತೆ. ನಮ್ಮ ಕರಾವಳಿಯಲ್ಲಿ ಆ ವ್ಯತ್ಯಾಸ ಎರಡು ಮೀಟರೂ ಇಲ್ಲ. ನಮಗೆ ಸಿಗೋದು ಮೈದಾನ ಅಲ್ಲ, ಒಂದು ಓಣಿ.

ಡ್ರೈವರಣ್ಣ ಮಾತ್ರ ತಲೆ ಆಡಿಸಿದರು. "ಬೇಡ ಸಾರ್. ಹೊಯಿಗೆ ನಂಬಬಾರ್ದು."

ಅಲ್ಲಿ ಮರಳಿಗೆ ಹೊಯಿಗೆ ಅಂತಾರೆ. ನಾವು ನಕ್ಕೆವು. ಪತ್ರಿಕೆಯವರು ಅಂದರೆ ಯೂನಿಟ್ಟಿನಲ್ಲಿ ಎಲ್ಲರಿಗೂ ಒಂದು ಮರ್ಯಾದೆ, ಸ್ವಲ್ಪ ಭಯ. ಅದನ್ನು ನಾನು ಅವತ್ತು ಉಪಯೋಗಿಸಿಕೊಂಡೆ. "ನಾನಿದ್ದೀನಲ್ಲ ಡ್ರೈವರಣ್ಣ, ಮ್ಯಾನೇಜರ್‌ಗೆ ನಾನು ಹೇಳ್ಕೋತೀನಿ" ಅಂದೆ. ಆ ಮಾತನ್ನು ದಯವಿಟ್ಟು ನೆನಪಿಡಿ.

ಓಡಿತು... ನಿಂತಿತು... ಇಳಿಯಿತು!

ದೋಣಿ ಎಳೆದು ಎಳೆದು ಗಟ್ಟಿಯಾದ ಒಂದು ದಾರಿಯಿತ್ತು. ಅದರಲ್ಲಿ ಡ್ರೈವರಣ್ಣ ಕಾರನ್ನು ಒಂದೇ ಉಸಿರಿಗೆ ಇಳಿಸಿ ಒದ್ದೆ ಮರಳು ಮುಟ್ಟಿಸಿದರು. ಆಮೇಲೆ ಸ್ಟೀರಿಂಗ್ ನನ್ನ ಕೈಗೆ.

ಆಹಾ! ಹೇಗೆ ಹೇಳಲಿ? ತಾರು ರಸ್ತೆಯಲ್ಲಿ ಗಡಗಡ ಅನ್ನೋ ಅಂಬಾಸಿಡರ್ ಇಲ್ಲಿ ಸದ್ದಿಲ್ಲದೆ ತೇಲಿತು. ಮರಳಿನ ಕಣಗಳ ನಡುವೆ ತೆಳುವಾಗಿ ನೀರು ಇದ್ದರೆ ಆ ನೀರೇ ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತೆ, ನೆಲ ಗಟ್ಟಿ ಆಗುತ್ತೆ. 1935ರಲ್ಲಿ ಮಾಲ್ಕಂ ಕ್ಯಾಂಪ್‌ಬೆಲ್ ಅಮೆರಿಕದ ಡೇಟೋನಾ ಕಡಲ ದಂಡೆಯಲ್ಲಿ ಗಂಟೆಗೆ 276 ಮೈಲಿ ವೇಗದ ದಾಖಲೆ ಮಾಡಿದ್ದು ಇಂಥ ಮರಳಿನ ಮೇಲೇ. ನನ್ನದು 45 ಕಿಲೋಮೀಟರ್. ಆದರೆ ಮನಸ್ಸಿನಲ್ಲಿ ನಾನು ಸಿ.ಐ.ಡಿ. 999!

ಒಂದು ಕಿಲೋಮೀಟರ್ ಹೋಗಿರಬಹುದು. ಎಡಗಡೆ ತೆಂಗಿನ ಗರಿಗಳ ಹಿಂದೆ ಹುಣ್ಣಿಮೆ ಚಂದ್ರ ಏಳುತ್ತಿದ್ದ. ಬಲಗಡೆ ಸೂರ್ಯ ಮುಳುಗುತ್ತಿದ್ದ.

"ನಿಲ್ಸು, ನಿಲ್ಸು! ಇಲ್ಲೇ ತಿರುಗಿಸಿ ನಿಲ್ಸು. ಚಂದ್ರ ಫ್ರೇಮಿಗೆ ಬರಬೇಕು!" ಫೋಟೋಗ್ರಾಫರನ ಕೂಗು.

ನಾನು ಸ್ಟೀರಿಂಗನ್ನು ಎಡಕ್ಕೆ ಎಳೆದೆ. ಕಾರು ಒದ್ದೆ ಮರಳು ದಾಟಿ, ಅಲೆ ಮುಟ್ಟದ ಮೇಲ್ಗಡೆಯ ಒಣ ಮರಳಿಗೆ ಹತ್ತಿತು.

"ನಿಲ್ಲಿಸ್ಬೇಡಿ ಸಾರ್! ಹೊಯಿಗೆಯಲ್ಲಿ ನಿಲ್ಲಿಸ್ಬೇಡಿ!"

ಹಿಂದಿನ ಸೀಟಿನಿಂದ ಡ್ರೈವರಣ್ಣ ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ನಾನು ಬ್ರೇಕು ಒತ್ತಿ ಆಗಿತ್ತು.

ಫೋಟೋ ಆಯಿತು. ಎರಡು ಪೋಸು. ಗೇರು ಹಾಕಿ ಕ್ಲಚ್ ಬಿಟ್ಟೆ. ಎಂಜಿನ್ ಕೂಗಿತು, ಕಾರು ಕದಲಲಿಲ್ಲ. ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರಗಳು ಗಿರ್ರನೆ ತಿರುಗಿದವು, ಮರಳಿನ ಕಾರಂಜಿ ಹಾರಿತು, ಹಿಂಭಾಗ ಒಂದು ಗೇಣು ಇಳಿಯಿತು. ರಿವರ್ಸ್ ಹಾಕಿದೆ. ಇನ್ನೊಂದು ಗೇಣು. ಮತ್ತೆ ಮುಂದಕ್ಕೆ. ಏನೋ ಸುಟ್ಟ ವಾಸನೆ ಬಂತು. ಕ್ಲಚ್ ಪ್ಲೇಟು.

ಡ್ರೈವರಣ್ಣ ಕೈ ಚಾಚಿ ಚಾವಿ ತಿರುಗಿಸಿ ಎಂಜಿನ್ ಆರಿಸಿದರು. ಬೈಯಲಿಲ್ಲ. ಇಳಿದು, ಬಗ್ಗಿ, ಕಾರಿನ ಕೆಳಗೆ ನೋಡಿ, ಎಲೆಯಡಿಕೆ ಉಗಿದು ಬಂದರು.

"ಹೊಟ್ಟೆ ಕೂತಿದೆ ಸಾರ್."

ಅಂಬಾಸಿಡರ್ ಗೊತ್ತಲ್ಲ, ಒಂದು ಟನ್ನಿಗಿಂತ ಹೆಚ್ಚು ತೂಕದ ಆಸಾಮಿ. ಎಂಜಿನ್ ಮುಂದೆ, ಎಳೆಯೋದು ಹಿಂದಿನ ಚಕ್ರ. ಚಕ್ರ ತನ್ನ ಗುಂಡಿ ತಾನೇ ತೋಡಿಕೊಂಡಿತು. ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗಡ್ಡೆ ಮರಳಿನ ಮೇಲೆ ಕೂತುಬಿಟ್ಟಿತು. ಅಲ್ಲಿಂದ ಮುಂದೆ ಚಕ್ರದ ಮೇಲೆ ಭಾರವೇ ಇಲ್ಲ. ಭಾರ ಇಲ್ಲದ ಚಕ್ರ ಫ್ಯಾನಿನ ಹಾಗೆ ತಿರುಗುತ್ತೆ, ಅಷ್ಟೇ. ಮೂವರು ತಳ್ಳಿದೆವು. ಬಂಡೆ! ಜಾಕ್ ಹಾಕಿ ಎತ್ತೋಣ ಅಂದರೆ ಕಾರು ಮೇಲೆ ಬರುವ ಬದಲು ಜಾಕೇ ಮರಳಿಗೆ ಇಳಿಯಿತು. ಆಗ ನೆನಪಾಯಿತು ನೋಡಿ, ಯೂನಿಟ್ ಹುಡುಗರ ಹಲಗೆ. ಅವು ವ್ಯಾನು ಹತ್ತಿ ಉಡುಪಿ ಸೇರಿದ್ದವು.

ಗಂಟೆ ಏಳು. ಕತ್ತಲು. ದೀಪಸ್ತಂಭದ ಬೆಳಕು ಆಗಾಗ ನಮ್ಮನ್ನು ತೋರಿಸಿ ಮುಂದಕ್ಕೆ ಹೋಗುತ್ತಿತ್ತು. ಅಸಿಸ್ಟೆಂಟ್ ಡೈರೆಕ್ಟರ್ ಫ್ರೆಂಚ್ ಸಿನಿಮಾ ಬಿಟ್ಟು ಮನೆದೇವರ ಹೆಸರು ಹೇಳೋಕೆ ಶುರು ಮಾಡಿದ್ದ.

"ಹುಣ್ಣಿಮೆ ಅಲ್ವಾ ಮಾರಾಯ್ರೆ!"

ಆಗ ಬಂದರು ಅಜ್ಜ. ಸೊಂಟಕ್ಕೊಂದು ತುಂಡು ಬಟ್ಟೆ, ಕೈಯಲ್ಲಿ ಬೀಡಿ, ಹಿಂದೆ ಎರಡು ಮೊಮ್ಮಕ್ಕಳು. ಡ್ರೈವರಣ್ಣನ ಜೊತೆ ತುಳುವಿನಲ್ಲಿ ಏನೋ ಮಾತಾಡಿದರು. ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ -

"ಎಂತ ಮಾರಾಯ್ರೆ, ಫೋಟೋ ತೆಗೀಲಿಕ್ಕೆ ಬೇರೆ ಜಾಗ ಸಿಗ್ಲಿಲ್ವಾ? ಇವತ್ತು ಹುಣ್ಣಿಮೆ ಅಲ್ವಾ. ನೀರು ಏರ್ತಾ ಉಂಟು. ಹನ್ನೊಂದು ಗಂಟೆಗೆ ನೀವು ನಿಂತಲ್ಲಿಗೆ ಬರ್ತದೆ."

ನನ್ನ ಬೆನ್ನ ಹುರಿಯಲ್ಲಿ ತಣ್ಣಗಾಯಿತು. ನಮ್ಮ ಬೆಂಗಳೂರಿನವರಿಗೆ ಹುಣ್ಣಿಮೆ ಅಂದರೆ ಡ್ಯುಯೆಟ್ಟು. ಕಡಲಿನವರಿಗೆ ಹುಣ್ಣಿಮೆ-ಅಮಾವಾಸ್ಯೆ ಅಂದರೆ ದೊಡ್ಡ ಉಬ್ಬರ. ನೀರು ಇಳಿದು ಏರೋಕೆ ಆರು ಗಂಟೆ ಚಿಲ್ಲರೆ. ಸಂಜೆ ಆರಕ್ಕೆ ಅಷ್ಟು ದೂರ ಸರಿದಿದ್ದ ನೀರು ರಾತ್ರಿ ಅಷ್ಟೇ ಮೇಲಕ್ಕೆ ಬರುತ್ತೆ. ನಮಗೆ ಮೈದಾನದ ಹಾಗೆ ಕಂಡದ್ದು ಕಡಲು ಸ್ವಲ್ಪ ಹೊತ್ತು ಬಿಟ್ಟುಕೊಟ್ಟಿದ್ದ ಜಾಗ.

ಮೊಮ್ಮಕ್ಕಳು ಓಡಿದರು. ಕಾಲು ಗಂಟೆಯಲ್ಲಿ ಹತ್ತು-ಹನ್ನೆರಡು ಮಂದಿ ಬಂದರು. ಕೆಲವರು ಊಟಕ್ಕೆ ಕೂತವರು ಎದ್ದು ಬಂದಿದ್ದರು, ಒಬ್ಬರ ಕೈ ಇನ್ನೂ ಒದ್ದೆ.

ಮುಂದೆ ನಡೆದದ್ದನ್ನು ಕೊಂಚ ನಿಧಾನವಾಗಿ ಹೇಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಒಂದಲ್ಲ ಒಂದು ದಿನ ಬೇಕಾಗುತ್ತೆ.

ಅಜ್ಜ ಮೊದಲು ಮಾಡಿದ್ದು ನಮ್ಮನ್ನು ಸುಮ್ಮನೆ ನಿಲ್ಲಿಸಿದ್ದು. ಯಾರೂ ತಳ್ಳಬೇಡಿ, ಯಾರೂ ಎಂಜಿನ್ ಮುಟ್ಟಬೇಡಿ. ಆಮೇಲೆ ಕಾರಿನ ಹೊಟ್ಟೆಯ ಕೆಳಗಿಂದ ಮರಳು ತೆಗೆಯೋದು. ಸಲಿಕೆ ಎರಡೇ. ಉಳಿದವರು ಕೈಯಲ್ಲಿ, ಗೆರಟೆಯಲ್ಲಿ. ಒಣ ಮರಳು ತೆಗೆದಷ್ಟೂ ಜಾರಿ ಬಂದು ತುಂಬುತ್ತೆ. ಅದಕ್ಕೇ ಅಗಲವಾಗಿ ತೆಗೆಯಬೇಕು. ಪ್ರತಿ ಚಕ್ರದ ಮುಂದೆ ಗುಂಡಿಯ ಗೋಡೆ ಕಡಿದು ಇಳಿಜಾರಿನ ದಾರಿ ಮಾಡಿದರು. ಅರ್ಧ ಗಂಟೆ ಮರಳು ತೋಡಿ ನನ್ನ ಉಗುರಿನ ಸಂದಿಯಲ್ಲಿ ರಕ್ತ ಬಂತು. ಪಕ್ಕದಲ್ಲಿ ತೋಡುತ್ತಿದ್ದ ಹತ್ತು ವರ್ಷದ ಹುಡುಗ ನನ್ನ ಎರಡರಷ್ಟು ತೆಗೆದಿದ್ದ.

ಡ್ರೈವರಣ್ಣ ಅಷ್ಟರಲ್ಲಿ ನಾಲ್ಕೂ ಟೈರಿನ ಗಾಳಿ ಬಿಡುತ್ತಿದ್ದರು. ಪಂಕ್ಚರ್ ಮಾಡಿಕೊಂಡ ಹಾಗೆ ಯಾಕೆ ಅಂತ ಕೇಳಿದೆ. "ಒಂಟೆಯ ಕಾಲು ನೋಡಿದ್ದೀರಾ ಸಾರ್? ಅಗಲ ಉಂಟಲ್ಲ, ಹಾಗೆ." ಗಾಳಿ ಅರ್ಧಕ್ಕಿಳಿದರೆ ಟೈರು ಚಪ್ಪಟೆಯಾಗಿ ಹರಡುತ್ತೆ, ಮರಳಿನ ಮೇಲೆ ಹೆಚ್ಚು ಜಾಗ ಹಿಡಿಯುತ್ತೆ, ಇಳಿಯೋದು ಕಡಿಮೆ. ರಸ್ತೆಗೆ ಬಂದ ಮೇಲೆ ಮತ್ತೆ ಗಾಳಿ ತುಂಬಬೇಕು, ಇಲ್ಲದಿದ್ದರೆ ಟೈರು ಹೋಯಿತು. ಡಿಕ್ಕಿಯಲ್ಲಿ ಕಾಲು ಪಂಪು ಇತ್ತು.

ದೋಣಿಯ ಅಡಿಗೆ ಕೊಡುವ ಮರದ ತುಂಡು ತಂದು ಜಾಕಿನ ಕೆಳಗಿಟ್ಟರು. ಈಗ ಜಾಕ್ ಇಳಿಯಲಿಲ್ಲ, ಕಾರು ಎದ್ದಿತು. ಎದ್ದ ಚಕ್ರದ ಅಡಿಗೆ ಗೋಣಿ, ಗೋಣಿಯ ಮುಂದೆ ತೆಂಗಿನ ಮಡಲು, ಒಂದರ ಮೇಲೊಂದು ಅಡ್ಡಡ್ಡ. ಹಿಂದೆಂದೋ ಸಾವಿರಾರು ಮೀನಿನ ಭಾರ ಎಳೆದ ರಂಪಣಿ ಬಲೆಯ ಹಗ್ಗ ಬಂತು. "ಈಗ ಇದಕ್ಕೆ ಕೆಲಸ ಇಲ್ಲ" ಅಂದರು ಅಜ್ಜ. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ಬೋಟುಗಳು ಬಂದು ರಂಪಣಿ ಮೂಲೆ ಸೇರಿತ್ತು. ಇಡೀ ಊರು ಸೇರಿ ಎಳೆಯುತ್ತಿದ್ದ ಹಗ್ಗವನ್ನು ನನ್ನ ಕ್ಲೋಸಪ್ಪಿನ ದೆಸೆಯಿಂದ ಅವತ್ತು ಮತ್ತೆ ಊರು ಎಳೆಯಿತು.

ಯಾವ ಕಡೆಗೆ ಎಳೆಯೋದು? ನಾನು ತೋಟದ ಕಡೆ ಕೈ ತೋರಿಸಿದೆ. ಅಜ್ಜ ನಕ್ಕರು. ತೋಟದ ಕಡೆ ಏರು, ಅದೂ ಒಣ ಮರಳು. ಎಳೆಯಬೇಕಾದ್ದು ಕಡಲಿನ ಕಡೆಗೆ!

ಕಡಲಿನ ಕಡೆಗೇ?

ಹೌದು ಸ್ವಾಮಿ. ಇಳಿಜಾರು ಅತ್ತ, ಗಟ್ಟಿ ನೆಲವೂ ಅತ್ತ. ಆದರೆ ಆ ಗಟ್ಟಿ ನೆಲ ಒಂಬತ್ತು ಗಂಟೆಯ ಹೊತ್ತಿಗೆ ಎಷ್ಟು ಉಳಿದಿತ್ತು ಗೊತ್ತೇ? ಎರಡು ಕಾರಿನ ಅಗಲ. ದೊಡ್ಡ ಅಲೆ ಬಂದಾಗ ಅದೂ ಇಲ್ಲ. ಅಲ್ಲಿಂದ ಒಂದು ಕಿಲೋಮೀಟರ್ ವಾಪಸ್ ಓಡಿ ದೋಣಿ ದಾರಿ ಹತ್ತಬೇಕು. ಮಧ್ಯೆ ನಿಂತರೆ ಕಾರು ಕಡಲಿನದು.

ನಾನು ಸ್ಟೀರಿಂಗ್ ಹತ್ತಿರ ಹೋಗಲಿಲ್ಲ. ಡ್ರೈವರಣ್ಣ ಒಬ್ಬರೇ ಕೂತರು. ನಮ್ಮನ್ನು ಹತ್ತಲು ಬಿಡಲಿಲ್ಲ, ಭಾರ ಬೇಡ ಅಂದರು. ಚಕ್ರ ನೆಟ್ಟಗೆ ಇದೆಯಾ ಅಂತ ತಲೆ ಹೊರಗೆ ಹಾಕಿ ನೋಡಿಕೊಂಡರು. ಫಸ್ಟ್ ಬಿಟ್ಟು ಸೆಕೆಂಡ್ ಗೇರು. ಎಂಜಿನ್ ಕೂಗಿಸಲಿಲ್ಲ, ಮಗು ಮಲಗಿದ ಮನೆಯಲ್ಲಿ ಬಾಗಿಲು ತೆಗೆಯುವ ಹಾಗೆ ಕ್ಲಚ್ ಬಿಟ್ಟರು.

"ಐಲೇಸಾ!"

ಹಗ್ಗ ಬಿಗಿಯಾಯಿತು. ಹನ್ನೆರಡು ಬೆನ್ನು ಬಾಗಿದವು. ಮಡಲು ಪಟಪಟ ಮುರಿಯಿತು. ಅಂಬಾಸಿಡರ್ ಒಮ್ಮೆ ಹಿಂದಕ್ಕೆ ತೂಗಿ, ಮುಂದಕ್ಕೆ ತೂಗಿ... ಬಂತು! ಇಳಿಜಾರಿನಲ್ಲಿ ಜಾರಿಕೊಂಡೇ ಒದ್ದೆ ಮರಳಿಗೆ ಬಂತು. ಹಗ್ಗ ಬಿಚ್ಚಿದ್ದೇ ತಡ, ಡ್ರೈವರಣ್ಣ ಉತ್ತರಕ್ಕೆ ತಿರುಗಿಸಿ ಹೊರಟೇಬಿಟ್ಟರು.

ನಾವೆಲ್ಲ ಹಿಂದೆ ಓಡಿದೆವು. ಬೆಳದಿಂಗಳಲ್ಲಿ ಕಾರಿನ ಹಿಂದಿನ ಎರಡು ಕೆಂಪು ದೀಪ. ಒಂದು ಅಲೆ ಬಂದು ಕಾರಿನ ಎಡಮಗ್ಗುಲಿಗೆ ಬಡಿಯಿತು, ನೀರು ಕಿಟಕಿಯ ಎತ್ತರಕ್ಕೆ ಎದ್ದಿತು. ಕೆಂಪು ದೀಪ ಕಾಣಿಸಲಿಲ್ಲ. ನನ್ನ ಕಾಲು ನಿಂತೇ ಹೋಯಿತು. ಮತ್ತೆ ಕಾಣಿಸಿತು, ಓಡುತ್ತಲೇ ಇತ್ತು. ನಿಮ್ಮಾಣೆ ಹೇಳ್ತೀನಿ, ಅಂಥ ಛೇಸ್ ಸೀನು ನಾನು ಯಾವ ತೆರೆಯ ಮೇಲೂ ನೋಡಿಲ್ಲ. 24 ಫ್ರೇಮಿನಲ್ಲೇ!

ದೋಣಿ ದಾರಿಯ ಬಾಯಲ್ಲಿ ಹೆಂಗಸರು ಮಡಲು ಹಾಸಿ ಕಾದಿದ್ದರು. ಕಾರು ನಿಲ್ಲದೆ, ಅದೇ ಓಟದಲ್ಲಿ ಹತ್ತಿ ತೋಟದೊಳಗೆ ಹೋಗಿ ನಿಂತಿತು.

ನಾವು ಏದುಸಿರು ಬಿಡುತ್ತಾ ತಲುಪಿದಾಗ ಡ್ರೈವರಣ್ಣ ಕಾಲು ಪಂಪಿನಲ್ಲಿ ಗಾಳಿ ತುಂಬುತ್ತಿದ್ದರು. ಆಮೇಲೆ ಒಂದು ಮನೆಯ ಬಾವಿಯಿಂದ ಸಿಹಿನೀರು ಸೇದಿ ಚಕ್ರ, ಬ್ರೇಕು, ಅಡಿಭಾಗ ಎಲ್ಲಕ್ಕೂ ಎರಚಿದರು. ಉಪ್ಪುನೀರು ಕಬ್ಬಿಣ ತಿನ್ನುತ್ತೆ. ನಾವು ನಾಲ್ವರ ಜೇಬು ಸೇರಿಸಿ ಅಜ್ಜನಿಗೆ 60 ರೂಪಾಯಿ ಕೊಡಹೋದೆವು. ಮುಟ್ಟಲಿಲ್ಲ.

"ದುಡ್ಡು ಬೇಡ. ನಾಳೆ ಹುಡುಗರನ್ನು ಷೂಟಿಂಗ್ ನೋಡ್ಲಿಕ್ಕೆ ಬಿಡಿ. ಇವತ್ತು ಹತ್ತಿರ ಹೋದದ್ದಕ್ಕೆ ಓಡಿಸಿದ್ರು."

"ಖಂಡಿತ ಬನ್ನಿ ಅಜ್ಜ! ನನ್ನ ಹೆಸರು ಹೇಳಿ" ಅಂದೆ. ಇದು ಆ ದಿನ ನಾನು ಕೊಟ್ಟ ಮೂರನೇ ಭರವಸೆ.

ಬೆಳಿಗ್ಗೆ

ಡಬ್ಬ ಹೊತ್ತ ಅಂಬಾಸಿಡರ್ ಬೆಳಿಗ್ಗೆ ಮಂಗಳೂರಿಗೆ ಹೊರಟು ಪಡುಬಿದ್ರಿ ದಾಟುವ ಮೊದಲೇ ಮಲಗಿತು. ಕ್ಲಚ್ ಪ್ಲೇಟು ಪೂರ್ತಿ ಹೋಗಿತ್ತು. ಜೊತೆಗಿದ್ದ ಪ್ರೊಡಕ್ಷನ್ ಹುಡುಗ ಡಬ್ಬಗಳನ್ನು ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದ, ರೈಲು ಹೇಗೋ ಸಿಕ್ಕಿತು. ಡ್ರೈವರಣ್ಣ ಒಂದು ಲಾರಿ ಹತ್ತಿ ಲೊಕೇಷನ್ನಿಗೆ ಬಂದು ವಿಷಯ ಹೇಳಿದರು. ಕ್ಲಚ್ ಹಳೇದಾಗಿತ್ತು ಅಂದರು. ಮ್ಯಾನೇಜರ್ ಗೊಣಗಿದರು, ಆದರೆ ನಂಬಿದರು. ಅಲ್ಲಿಗೇ ಮುಗಿಯುತ್ತಿತ್ತು.

ಅಷ್ಟರಲ್ಲಿ ಅಜ್ಜ ಬಂದರು. ಹಿಂದೆ ಎಂಟು ಹುಡುಗರು, ಒಬ್ಬನ ತಲೆ ಮೇಲೆ ಬುಟ್ಟಿ. ಬುಟ್ಟಿಯ ತುಂಬ ಯೂನಿಟ್ಟಿನವರಿಗೆ ಅಂತ ಬಂಗುಡೆ ಮೀನು. ಕಾವಲಿನವನು ತಡೆದ. ಅಜ್ಜ ನಗುನಗುತ್ತಾ ಎಲ್ಲರಿಗೂ ಕೇಳೋ ಹಾಗೆ ಹೇಳಿದರು.

"ನಮ್ಮನ್ನು ಬಿಡಿ ಮಾರಾಯ್ರೆ. ನಿನ್ನೆ ರಾತ್ರಿ ಹೊಯಿಗೆಯಲ್ಲಿ ಹೂತ ನಿಮ್ಮ ಕಾರು ಎಳೆದದ್ದು ನಾವೇ!"

ಮ್ಯಾನೇಜರ್ ತಿರುಗಿದರು. ಡ್ರೈವರಣ್ಣನ ಮುಖ ನೋಡಿದರು, ನಮ್ಮ ಮೂವರ ಮುಖ ನೋಡಿದರು.

"ಯಾವನಯ್ಯಾ ಓಡಿಸಿದ್ದು?"

ಕಪ್ಪು ಕೊಡೆಯ ಕೆಳಗೆ ಮಡಿಚುವ ಕುರ್ಚಿಯ ಮೇಲೆ ಕೂತಿದ್ದೆ ನಾನು. ಕೈಯಲ್ಲಿ ಟೀ ಲೋಟ. ಅಜ್ಜನ ಕಣ್ಣು ನನ್ನ ಮೇಲಿತ್ತು. ಕ್ಲೋಸಪ್ ತೆಗೆದವನು ಕ್ಯಾಮರಾ ಒರೆಸುತ್ತಿದ್ದ. ನಾನು ಬಾಯಿ ತೆರೆಯೋಣ ಅಂತಲೇ ಇದ್ದೆ. ಹಾಗಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

"ನಾನೇ ಸಾರ್," ಅಂದರು ಡ್ರೈವರಣ್ಣ. "ಇವರೆಲ್ಲ ಬೇಡ ಅಂದ್ರು. ನಾನೇ ಇಳಿಸಿದ್ದು."

ಅಜ್ಜ ಏನೂ ಹೇಳಲಿಲ್ಲ. ಬುಟ್ಟಿ ಕೆಳಗಿಡಿಸಿ, ಹುಡುಗರನ್ನು ಕರೆದುಕೊಂಡು, ಷೂಟಿಂಗ್ ನೋಡದೆ ಹೋದರು.

ಒಂಬತ್ತು ದಿನದ ಬಾಟಾ ಕ್ಲಚ್ ಪ್ಲೇಟಿಗೆ ವಜಾ. ಮಾಲೀಕರಿಗೆ ಟ್ರಂಕ್ ಕಾಲ್. ಮಧ್ಯಾಹ್ನದ ಊಟದ ಹೊತ್ತಿಗೆ ಬೇರೆ ಡ್ರೈವರ್ ಬಂದ. ಹೊರಡುವ ಮುಂಚೆ ಡ್ರೈವರಣ್ಣನನ್ನು ತೋಟದಲ್ಲಿ ಹಿಡಿದು ನಿಲ್ಲಿಸಿದೆ. ಯಾಕೆ ಹಾಗೆ ಹೇಳಿದಿರಿ ಅಂತ ಕೇಳಿದೆ. "ನೀವು ಹೇಳಿದ್ರೂ ಅವರು ನನ್ನನ್ನೇ ಕೇಳ್ತಿದ್ರು ಸಾರ್, ಚಾವಿ ಯಾಕೆ ಕೊಟ್ಟೆ ಅಂತ," ಅಂದರು. ನೂರು ರೂಪಾಯಿ ಸಾಲ ಮಾಡಿ ಕೊಡಹೋದೆ, ತಗೊಳ್ಳಲಿಲ್ಲ. ಒಂದು ಚೀಟಿಯಲ್ಲಿ ವಿಳಾಸ ಬರೆದು ಕೊಟ್ಟರು. ಫೋಟೋ ಮರೀಬೇಡಿ ಅಂದರು.

ಬೆಂಗಳೂರಿಗೆ ಬಂದು ಎರಡು ಪುಟದ ಲೊಕೇಷನ್ ವರದಿ ಬರೆದೆ. ಕಾಪುವಿನ ಸೊಬಗು, ಹೀರೋ ಸರಳತೆ, ಯೂನಿಟ್ಟಿನ ಒಗ್ಗಟ್ಟು. ಅಂಬಾಸಿಡರ್ ಪಕ್ಕ ನಾನು ನಿಂತ ಫೋಟೋ ತುಂಬ ಚೆನ್ನಾಗಿ ಬಂದಿತ್ತು, ಚಂದ್ರನೂ ಫ್ರೇಮಿನಲ್ಲಿದ್ದ. ಅಚ್ಚಿಗೆ ಕೊಡಲು ಮನಸ್ಸಾಗಲಿಲ್ಲ.

ಹೀರೋ ಸಹಿ ಅಂದರೆ ಆಗ ಏನು ನಡೀತಿತ್ತು ಅಂತ ನಿಮಗೆ ಗೊತ್ತಿರಲಾರದು. ಅಭಿಮಾನಿಗಳ ಪತ್ರಕ್ಕೆ ಹೋಗುವ ಫೋಟೋಗಳಿಗೆ ಎಷ್ಟೋ ಸಲ ಮೇಕಪ್‌ಮನ್ನೋ ಸೆಕ್ರೆಟರಿಯೋ ಗೀಚಿ ಕಳಿಸೋದು. ನಾನು ಹಾಗೆ ಮಾಡಲಿಲ್ಲ. ಹೀರೋ ಡಬ್ಬಿಂಗಿಗೆ ಬರುವವರೆಗೆ ಕಾದು, ಮುಂದೆ ನಿಂತು, ಮಗುವಿನ ಹೆಸರು ಹೇಳಿ ಬರೆಸಿಕೊಂಡೆ. "ಯಾರ್ರೀ ಈ ಹುಡುಗಿ?" ಅಂದರು. "ನಮಗೆ ಬೇಕಾದವರ ಮಗಳು" ಅಂದೆ. ಎರಡು ಅಟ್ಟೆಯ ನಡುವೆ ಇಟ್ಟು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತೇ ಹೋಯಿತು. ಈಗಿನ ಚಿಕ್ಕ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಎಳೆಯುವಂಥವು. ಅವೂ ಹೂತುಕೊಳ್ಳುತ್ತವೆ, ಬಾಲದ ಬದಲು ಮೂತಿ ಹೂಳುತ್ತೆ, ಅಷ್ಟೇ ವ್ಯತ್ಯಾಸ. ಕಡಲಾಮೆಗಳು ಮೊಟ್ಟೆ ಇಡಲು ಬರುವ ಮರಳದು, ಚಕ್ರ ಇಳಿಸಲೇಬೇಡಿ. ಗಾಡಿ ರಸ್ತೆಯಲ್ಲಿಟ್ಟು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಿರಿ.

ಫೋಟೋ ಕಳಿಸಿದ ಹದಿನೈದು ದಿನಕ್ಕೆ ಆಫೀಸಿಗೆ ಒಂದು ಪೋಸ್ಟ್ ಕಾರ್ಡ್ ಬಂತು. ದುಂಡನೆಯ ಅಕ್ಷರ, ಗೆರೆ ಎಳೆದು ಬರೆದದ್ದು. ಫೋಟೋ ತಲುಪಿತು, ಕ್ಲಾಸಿನಲ್ಲಿ ಎಲ್ಲರಿಗೂ ತೋರಿಸಿದೆ, ಟೀಚರೂ ನೋಡಿದರು ಅಂತೆಲ್ಲ ಇತ್ತು. ಕೊನೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದಳು: "ಅಪ್ಪ ನಿಮಗೆ ನಮಸ್ಕಾರ ತಿಳಿಸಲು ಹೇಳಿದ್ದಾರೆ. ಅವರು ಈಗ ಕಾರಿಗೆ ಹೋಗುವುದಿಲ್ಲ. ಹೊಯಿಗೆ ಲಾರಿಗೆ ಹೋಗುತ್ತಾರೆ."